ಅಳು ನಿಲ್ಲಿಸಿದ ಕೂಸು: ಶಿಶುವಿಯೋಗದ ವಿಚಾರವು ಬೆಳೆದು ಬಂದ ಬಗೆ

ಎಳೆಯ ಮಗುವನ್ನು ಅದರ ತಾಯಿಯಿಂದಾಗಲಿ ತಾಯಿಯ ಸ್ಥಾನದಲ್ಲಿ ನಿಂತು ಸಾಕಿದವರಿಂದಾಗಲಿ ಅಗಲಿಸಿದರೆ ಮೊದಲು ಅದು ಅಳುತ್ತದೆ. ಕೆಲವು ದಿನಗಳು ಕಳೆದ ಮೇಲೆ ಅಳುವುದನ್ನು ನಿಲ್ಲಿಸುತ್ತದೆ. ಈ ಎರಡು ಸಂಗತಿಗಳನ್ನೂ ಎಲ್ಲ ದೇಶಗಳ ಜನರೂ ಕಂಡಿದ್ದಾರೆ. ಮೊದಲನೆಯದನ್ನು ದುಃಖವೆಂದು ತಿಳಿಯುವುದಕ್ಕೆ ಯಾರಿಗೂ ಶಾಸ್ತ್ರಜ್ಞಾನ ಬೇಕಾಗಲಿಲ್ಲ. ಎರಡನೆಯದಕ್ಕೆ ಅರ್ಥವೇನೆಂಬ ವಿಚಾರದಲ್ಲಿ ಮಾತ್ರ ವೈದ್ಯರೂ ಅನಾಥಾಲಯಗಳ ಅಧಿಕಾರಿಗಳೂ ಬಹುಕಾಲ ಒಂದೇ ಉತ್ತರವನ್ನು ಹೇಳುತ್ತ ಬಂದರು: ಮಗುವು ಹೊಂದಿಕೊಂಡಿತು. ಈ ಉತ್ತರವು ಸರಿಯಲ್ಲವೆಂಬುದು ಪಾಶ್ಚಾತ್ಯ ವೈದ್ಯಲೋಕಕ್ಕೆ ಮನವರಿಕೆಯಾಗಲು ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು. ಅದು ಹೇಗೆ ತಿಳಿಯಿತು, ಅಷ್ಟು ತಡವಾಗಿ ಏಕೆ ತಿಳಿಯಿತು ಎಂಬುದೇ ಪ್ರಕೃತ ಲೇಖನದ ವಿಷಯ.

ಚರಿತ್ರಕಾರನಿಗೆ ಇಲ್ಲಿ ಒಂದು ತೊಡಕುಂಟು. ಶಿಶುವು ಶಾಸನವನ್ನು ಬರೆಯಿಸುವುದಿಲ್ಲ, ದಿನಚರಿಯನ್ನು ಇಡುವುದಿಲ್ಲ, ದೊಡ್ಡದಾದ ಮೇಲೆ ಮೊದಲೆರಡು ವರ್ಷಗಳ ನೆನಪು ಅದಕ್ಕೆ ಉಳಿಯುವುದೂ ಇಲ್ಲ. ಅದರ ವಿಷಯವಾಗಿ ನಮಗೆ ದೊರೆಯುವ ಸಾಕ್ಷ್ಯವೆಲ್ಲ ಅದನ್ನು ಇಟ್ಟುಕೊಂಡಿದ್ದವರು ಬರೆದದ್ದು. ಅವರಾದರೋ ತಮಗೆ ಬೇಕಾದ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತಿದ್ದವರು. ಆದುದರಿಂದ ಈ ದಾಖಲೆಗಳನ್ನು ಓದುವಾಗ ಬರೆದವನ ಅಭಿಪ್ರಾಯವನ್ನೂ ಅವನು ಕಂಡ ಸಂಗತಿಯನ್ನೂ ಬೇರ್ಪಡಿಸಿ ನೋಡುವುದು ಅವಶ್ಯವಾಗುತ್ತದೆ.

ಇದಕ್ಕೆ ಪ್ರಾಚೀನ ರಾಜರು ನಡೆಸಿದರೆಂದು ಹೇಳುವ ಭಾಷಾಪರೀಕ್ಷೆಗಳೇ ಉದಾಹರಣೆ. ಈಜಿಪ್ಟಿನ ರಾಜ ಸಾಮ್ಮೆಟಿಕಸನು ಎರಡು ಶಿಶುಗಳನ್ನು ಕುರುಬನೊಬ್ಬನ ವಶಕ್ಕೆ ಕೊಟ್ಟು, ಅವುಗಳ ಮುಂದೆ ಯಾರೂ ಮಾತನಾಡಕೂಡದೆಂದು ಕಟ್ಟುಮಾಡಿ, ಮಾನವರ ಮೊದಲ ಭಾಷೆ ಯಾವುದೆಂದು ತಿಳಿಯಲೆತ್ತಿಸಿದನೆಂದು ಹೆರೊಡೊಟಸನು ಹೇಳುತ್ತಾನೆ. ಹದಿಮೂರನೆಯ ಶತಮಾನದಲ್ಲಿ ಇಟಲಿಯ ಫ್ರಾನ್ಸಿಸ್ಕನ್ ಸಂನ್ಯಾಸಿ ಸಾಲಿಂಬೇನೆ ಎಂಬಾತನು ಇಮ್ಮಡಿ ಫ್ರೆಡರಿಕ್ ಚಕ್ರವರ್ತಿಯ ಮೇಲೆ ಇದೇ ಬಗೆಯ ಕಥೆಯನ್ನು ಬರೆದಿಟ್ಟಿದ್ದಾನೆ. ದಾದಿಯರು ಶಿಶುಗಳಿಗೆ ಮೊಲೆಯೂಡಬಹುದು, ನೀರೆರೆಯಬಹುದು, ಮಾತನಾಡಕೂಡದು, ಮುದ್ದಿಸಕೂಡದು. ಶಿಶುಗಳೆಲ್ಲ ಸತ್ತುಹೋದುವಂತೆ. ಸಾಲಿಂಬೇನೆಯು ಚಕ್ರವರ್ತಿಯ ದ್ವೇಷಿ; ಅವನ ಅಪರಾಧಗಳನ್ನು ಪಟ್ಟಿಮಾಡುವ ಸಂದರ್ಭದಲ್ಲಿ ಈ ಕಥೆಯನ್ನು ಹೇಳಿದ್ದಾನೆ. ಇದು ನಡೆದ ಸಂಗತಿಯೆಂದು ನಂಬಲು ಬೇರೆ ಆಧಾರವಿಲ್ಲ. ಆದರೆ ಶಿಶುಗಳು ಸತ್ತುದೇಕೆಂಬುದಕ್ಕೆ ಆತನು ಕೊಡುವ ಕಾರಣವು ಗಮನಾರ್ಹವಾದುದು: ಕೈತಟ್ಟಿ ಆಡಿಸುವುದು, ನಗುಮುಖ, ಲಲ್ಲೆಮಾತು ಇವಿಲ್ಲದೆ ಅವು ಬದುಕಲಾರದೆ ಹೋದುವು ಎನ್ನುತ್ತಾನೆ. ಕಥೆಯು ಸುಳ್ಳಾಗಿದ್ದರೂ ಹಾಗೆ ನಂಬುತ್ತಿದ್ದ ಜನರು ಹದಿಮೂರನೆಯ ಶತಮಾನದಲ್ಲಿ ಇದ್ದರೆಂಬುದು ಸುಳ್ಳಲ್ಲ.

ನಮ್ಮ ದೇಶದ ಉದಾಹರಣೆಯು ಇದಕ್ಕಿಂತ ದೃಢವಾದ ಆಧಾರವುಳ್ಳದ್ದು. ಅಕ್ಬರ್ ಬಾದಷಹನು ಇಂಥದೇ ಪರೀಕ್ಷೆಗಾಗಿ ಶಿಶುಗಳನ್ನು ಪ್ರತ್ಯೇಕವಾದ ಕಟ್ಟಡದಲ್ಲಿರಿಸಿ, ಮಾತನಾಡದ ದಾದಿಯರನ್ನು ನೇಮಿಸಿದನು. ಆ ಮನೆಗೆ ಗುಂಗ್ ಮಹಲ್, ಎಂದರೆ ಮೂಕರ ಮನೆ, ಎಂದು ಹೆಸರಾಯಿತು. ಬಾದಷಹನನ್ನು ಹೊಗಳುವ ಅಬುಲ್ ಫಜಲನೂ ತೆಗಳುವ ಬದಾಯೂನಿಯೂ ಇಬ್ಬರೂ ಇದನ್ನು ದಾಖಲೆಮಾಡಿರುವುದರಿಂದ ನಡೆದದ್ದು ನಿಜವೆನ್ನಲು ಅಡ್ಡಿಯಿಲ್ಲ. ೧೫೮೨ರಲ್ಲಿ ಬಾದಷಹನು ನೋಡಲು ಹೋದಾಗ ಆ ಮನೆಯೊಳಗಿಂದ ಒಂದು ಕೂಗೂ ಕೇಳಿಬರಲಿಲ್ಲವೆಂದು ಅಬುಲ್ ಫಜಲನು ಬರೆಯುತ್ತಾನೆ. ಕೆಲವು ಶಿಶುಗಳು ಸತ್ತುವೆಂದು ಬದಾಯೂನಿಯು ಸೇರಿಸುತ್ತಾನೆ. ಕೇಳದೆ ಮಾತು ಬರುವುದಿಲ್ಲವೆಂಬ ಸಿದ್ಧಾಂತವು ಇದರಿಂದ ಸ್ಥಾಪಿತವಾಯಿತೆಂದು ಆಸ್ಥಾನದವರು ತೃಪ್ತಿಪಟ್ಟರು. ಮಾತು ಬಾರದಿದ್ದುದಕ್ಕೆ ಈ ಕಾರಣ ಸಾಕು. ಆದರೆ ಅಳುವುದನ್ನು ಯಾರೂ ಕೇಳಿ ಕಲಿಯಬೇಕಾಗಿಲ್ಲ. ಅಷ್ಟು ಮಕ್ಕಳಿದ್ದ ಮನೆಯಲ್ಲಿ ಅಳುವಿನ ಧ್ವನಿಯೂ ಏಕೆ ಇರಲಿಲ್ಲವೆಂದು ಆಗ ಯಾರಿಗೂ ಕೇಳಬೇಕೆನಿಸಲಿಲ್ಲ.

ಕ್ರೈಸ್ತ ಯೂರೋಪಿನಲ್ಲಿ ಬೀದಿಯಲ್ಲಿ ಬಿಟ್ಟುಹೋದ ಶಿಶುಗಳಿಗಾಗಿ ಮಂದಿರಗಳನ್ನು ಕಟ್ಟಿಸುವುದು ಹಳೆಯ ಧರ್ಮಕಾರ್ಯ. ಫ್ಲಾರೆನ್ಸಿನಲ್ಲಿ ಬ್ರುನೆಲೆಸ್ಕಿಯು ನಕ್ಷೆ ಬರೆದು ೧೪೪೫ರಲ್ಲಿ ತೆರೆದ ಅನಾಥಶಿಶುಮಂದಿರವು ಶಿಲ್ಪಕಲೆಯ ಚರಿತ್ರೆಯಲ್ಲಿ ಪ್ರಸಿದ್ಧವಾದುದು. ನಮ್ಮ ವಿಷಯಕ್ಕೆ ಇದಕ್ಕಿಂತಲೂ ಉಪಯುಕ್ತವಾದುದು ಲಂಡನ್ ನಗರದ ಫೌಂಡ್ಲಿಂಗ್ ಹಾಸ್ಪಿಟಲ್ಲಿನ ದಾಖಲೆ. ಥಾಮಸ್ ಕೋರಮ್ ಎಂಬ ನಾವಿಕನು ಬಹಳ ವರ್ಷ ದುಡಿದು ೧೭೩೯ರಲ್ಲಿ ರಾಜಪತ್ರವನ್ನು ಪಡೆದನು. ೧೭೪೧ರಲ್ಲಿ ಮೊದಲ ಮಕ್ಕಳನ್ನು ಸೇರಿಸಿಕೊಂಡರು. ಹೋಗಾರ್ತನ ಚಿತ್ರಗಳೂ ಹ್ಯಾಂಡೆಲನ ಸಂಗೀತವೂ ಅದಕ್ಕೆ ಹಣ ಕೂಡಿಸಿಕೊಟ್ಟುವು. ಮಗುವನ್ನು ಬಿಡಲು ಬಂದ ತಾಯಿ ಮುಂದೆಂದಾದರೂ ಗುರುತಿಸಿ ಕರೆದೊಯ್ಯಲು ಅನುಕೂಲವಾಗಲೆಂದು ಒಂದು ಬಟ್ಟೆಯ ಚೂರನ್ನೋ ನಾಣ್ಯವನ್ನೋ ಗುರುತಾಗಿ ಇಟ್ಟುಹೋಗುತ್ತಿದ್ದಳು. ಮಗುವಿಗೆ ಹೊಸ ಹೆಸರಾಗುತ್ತಿತ್ತು. ಮರಳಿ ಬಂದು ಕರೆದೊಯ್ದ ತಾಯಿಯರು ತೀರ ಕಡಿಮೆ. ೧೭೫೬ರ ಜೂನ್ ೨ರಿಂದ ಬಂದ ಮಕ್ಕಳನ್ನೆಲ್ಲ ತೆಗೆದುಕೊಳ್ಳಬೇಕೆಂದು ಪಾರ್ಲಿಮೆಂಟು ಹಣ ಕೊಟ್ಟಿತು. ಮೊದಲನೆಯ ದಿನವೇ ೧೧೭ ಶಿಶುಗಳು ಬಂದುವು. ೧೭೬೦ರಲ್ಲಿ ಈ ಏರ್ಪಾಡನ್ನು ನಿಲ್ಲಿಸುವ ವೇಳೆಗೆ ಸುಮಾರು ೧೫,೦೦೦ ಮಕ್ಕಳು ಸೇರಿದ್ದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಬದುಕಿ ಉಳಿಯಲಿಲ್ಲ.

ಈ ಸಾವುಗಳನ್ನೆಲ್ಲ ತಾಯಿಯ ಅಗಲಿಕೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಮೊಲೆಹಾಲಿನ ಅಭಾವ, ಅಂಟುರೋಗ, ದೂರದ ಊರುಗಳಿಂದ ಬುಟ್ಟಿಗಳಲ್ಲಿ ಹೊತ್ತು ತರುವಾಗ ಆದ ಬಳಲಿಕೆ ಇವು ದೊಡ್ಡ ಕಾರಣಗಳು. ಬದುಕಿದ ಮಕ್ಕಳ ವಿಷಯವಾಗಿ ಆ ಸಂಸ್ಥೆಯು ನಡೆಸಿದ ಪದ್ಧತಿಯೇ ನಮಗೆ ಮುಖ್ಯ. ಶಿಶುವು ಸೇರಿದೊಡನೆ ಅದನ್ನು ಹಳ್ಳಿಯ ದಾದಿಯೊಬ್ಬಳ ಮನೆಗೆ ಕಳುಹಿಸುತ್ತಿದ್ದರು. ಅಲ್ಲಿ ಅದು ಅವಳ ಹಾಲು ಕುಡಿದು, ಅವಳ ಮಕ್ಕಳೊಡನೆ ಬೆಳೆದು, ಅವಳನ್ನು ಅಮ್ಮನೆಂದೇ ಕರೆಯುತ್ತಿತ್ತು. ಐದು ವರ್ಷ ವಯಸ್ಸಾಗುವ ಹೊತ್ತಿಗೆ ಅದನ್ನು ಲಂಡನ್ನಿಗೆ ಹಿಂದಕ್ಕೆ ಕರೆತಂದು, ಸಮವಸ್ತ್ರ ತೊಡಿಸಿ, ನೂರಾರು ಮಕ್ಕಳ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಸಾಕಿದವರು ಮಗುವನ್ನು ಬಿಟ್ಟುಕೊಡಲು ಸಂಕಟಪಟ್ಟುದೂ ತಮ್ಮಲ್ಲಿಯೇ ಉಳಿಸಿಕೊಳ್ಳಲು ಬೇಡಿದುದೂ ಉಂಟು. ಸಂಸ್ಥೆಯವರು ಕ್ರೂರಿಗಳಾಗಿರಲಿಲ್ಲ, ದಾದಿಯ ಹಾಲಿನಿಂದ ಮಗುವಿನ ದೇಹವು ಉಳಿಯುವುದೆಂಬುದನ್ನು ಅವರು ಲೆಕ್ಕವಿಟ್ಟು ಕಂಡುಕೊಂಡಿದ್ದರು. ಐದನೆಯ ವರ್ಷದಲ್ಲಿ ಹಾಲಿನ ಅಗತ್ಯವಿಲ್ಲ. ಆದುದರಿಂದ ದಾದಿಯ ಅಗತ್ಯವೂ ಇಲ್ಲವೆಂದು ತೀರ್ಮಾನಿಸಿದರು. ಈ ಪದ್ಧತಿಯು ಅಲ್ಲಿ ಇಪ್ಪತ್ತನೆಯ ಶತಮಾನದವರೆಗೂ ನಡೆಯಿತು. ೧೯೫೪ರಲ್ಲಿ ಆ ವಸತಿಶಾಲೆ ಮುಚ್ಚಿತು. ಅಲ್ಲಿ ಬೆಳೆದು ಮುದುಕರಾದವರು ತಮ್ಮ ನೆನಪುಗಳನ್ನು ಹೇಳುವಾಗ ತಮ್ಮನ್ನು ಹೆತ್ತವಳು ಬಿಟ್ಟುಹೋದುದಕ್ಕಿಂತ ಸಾಕಿದವಳ ಮನೆಯಿಂದ ಹೊರಟ ದಿನವನ್ನು ವಿಸ್ತಾರವಾಗಿ ಹೇಳುವುದುಂಟು. ಹೆತ್ತವಳ ನೆನಪು ಅವರಿಗಿರಲಿಲ್ಲವಷ್ಟೆ. ಫ್ರಾನ್ಸಿನಲ್ಲಿ ಇದೇ ಬಗೆಯ ಮಂದಿರಕ್ಕೆ ತನ್ನ ಐದು ಮಕ್ಕಳನ್ನೂ ಒಪ್ಪಿಸಿದ ರೂಸೋ ೧೭೬೨ರಲ್ಲಿ ಮಕ್ಕಳ ಶಿಕ್ಷಣವನ್ನು ಕುರಿತ ‘ಎಮಿಲ್’ ಗ್ರಂಥವನ್ನು ಪ್ರಕಟಿಸಿದನೆಂಬುದನ್ನು ಸಾಹಿತ್ಯಾಭ್ಯಾಸಿಗಳಿಗೆ ನೆನಪು ಮಾಡಬೇಕಾಗಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೋಗಾಣುಶಾಸ್ತ್ರವು ಬೆಳೆಯಿತು. ಅದರಿಂದ ಲೋಕಕ್ಕಾದ ಉಪಕಾರವು ಅಪಾರ. ಆದರೆ ಮಕ್ಕಳ ಆಸ್ಪತ್ರೆಗಳಲ್ಲಿ ಅದರ ಅನ್ವಯವು ವಿಚಿತ್ರವಾದ ದಾರಿಯನ್ನು ಹಿಡಿಯಿತು. ರೋಗಾಣುವನ್ನು ತರುವವರು ಮನುಷ್ಯರು, ಆದುದರಿಂದ ಶಿಶುವಿನ ಬಳಿಗೆ ಮನುಷ್ಯರು ಹೋಗದಿರುವುದೇ ಲೇಸು, ತಾಯಿಯೂ ಮನುಷ್ಯಳೇ. ಹೀಗೆ ತರ್ಕವು ಸಾಗಿತು. ಒಂದೊಂದು ಶಿಶುವಿಗೂ ಒಂದೊಂದು ಗೂಡು, ಮುಸುಕು ಕಟ್ಟಿದ ದಾದಿಯರು, ಬಂದು ನೋಡುವವರಿಗೆ ನಿಷೇಧ. ಮನುಷ್ಯರ ಕೈ ಸೋಕದೆ ಶಿಶುವಿನ ಆರೈಕೆ ಮಾಡಲು ಅನುಕೂಲವಾಗುವಂತೆ ತೋಳುಚೀಲಗಳನ್ನು ಜೋಡಿಸಿದ ಒಂದು ಪೆಟ್ಟಿಗೆಯನ್ನೂ ನಿರ್ಮಿಸಿದ್ದರೆಂದು ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯ ಹ್ಯಾರಿ ಬಾಕ್ವಿನ್ ೧೯೪೨ರ ತಮ್ಮ ಲೇಖನದಲ್ಲಿ ವರ್ಣಿಸಿದ್ದಾರೆ. ಮನಶ್ಶಾಸ್ತ್ರವೂ ಈ ಪಕ್ಷಕ್ಕೆ ಬೆಂಬಲವಾಗಿ ನಿಂತಿತು. ಅಮೆರಿಕದ ಜೆ. ಬಿ. ವಾಟ್ಸನ್ ೧೯೨೮ರಲ್ಲಿ ಬರೆದ ಶಿಶುಪಾಲನ ಗ್ರಂಥದಲ್ಲಿ ಮಕ್ಕಳನ್ನು ಅಪ್ಪಿ ಮುದ್ದಿಸಬಾರದೆಂದೂ ಬೆಳಗ್ಗೆ ಕೈಕುಲುಕಿದರೆ ಸಾಕೆಂದೂ ತಾಯಿಯರಿಗೆ ಉಪದೇಶವಿತ್ತರು.

ಇಷ್ಟೆಲ್ಲ ಶುಚಿಯಾಗಿದ್ದರೂ ಆಸ್ಪತ್ರೆಯ ಶಿಶುಗಳು ತೂಕವನ್ನು ಪಡೆಯುತ್ತಿರಲಿಲ್ಲ. ಅದೇ ಮಗುವನ್ನು ಬಡವರ ಕೊಳಕು ಮನೆಗೆ ಕಳುಹಿಸಿದರೆ ಚೇತರಿಸಿಕೊಳ್ಳುತ್ತಿತ್ತು. ಬಾಕ್ವಿನ್ ತಮ್ಮ ವಿಭಾಗದಲ್ಲಿ ಕೈ ತೊಳೆಯಿರಿ ಎಂಬ ಎಚ್ಚರಿಕೆಯ ಹಲಗೆಗಳನ್ನು ತೆಗೆಯಿಸಿ, ಒಂದು ಮಗುವನ್ನಾದರೂ ಎತ್ತಿಕೊಳ್ಳದೆ ಈ ಕೋಣೆಯೊಳಕ್ಕೆ ಬರಬೇಡಿ ಎಂಬ ಅರ್ಥದ ಹಲಗೆಗಳನ್ನು ಹಾಕಿಸಿದರು. ತಾಯಿಯರನ್ನು ಒಳಕ್ಕೆ ಬಿಟ್ಟರು. ಒಂದು ವರ್ಷದೊಳಗಿನ ಶಿಶುಗಳ ಮರಣವು ನೂರಕ್ಕೆ ೩೦ಕ್ಕೂ ಮೇಲ್ಪಟ್ಟಿದ್ದುದು ೧೦ಕ್ಕಿಂತ ಕೆಳಗಿಳಿಯಿತೆಂದು ಅವರ ಲೆಕ್ಕ. ಆ ಕಾಲದಲ್ಲಿ ಬೇರೆ ಚಿಕಿತ್ಸೆಗಳೂ ಸುಧಾರಿಸುತ್ತಿದ್ದುದರಿಂದ ಈ ಇಳಿತವೆಲ್ಲವೂ ಎತ್ತಿಕೊಂಡುದರ ಫಲವೆನ್ನುವಂತಿಲ್ಲ. ನನ್ನ ದೃಷ್ಟಿಯಲ್ಲಿ ಬಾಕ್ವಿನ್ನರ ನಿಜವಾದ ಸಾಧನೆ ಬೇರೊಂದುಂಟು. ಒಂಟಿಯಾದ ಶಿಶುವಿನ ರೋಗಲಕ್ಷಣಗಳನ್ನು ಪಟ್ಟಿಮಾಡುವಾಗ ಅವರು ಬಿಳಿಚಿಕೊಳ್ಳುವಿಕೆ, ಬಡಕಲುತನ, ನಿದ್ರೆಯ ಕೊರತೆ ಇವುಗಳೊಡನೆ ನಿಶ್ಶಬ್ದತೆಯನ್ನೂ ಸೇರಿಸಿದರು. ಸುಮ್ಮನಿರುವುದನ್ನು ಒಳ್ಳೆಯ ಗುಣವೆಂದು ಎಣಿಸುತ್ತಿದ್ದ ಆಸ್ಪತ್ರೆಯಲ್ಲಿ ಅದನ್ನು ರೋಗದ ಚಿಹ್ನೆಯೆಂದು ಬರೆದದ್ದು ಸಣ್ಣ ಮಾತಲ್ಲ.

ಶಾಸ್ತ್ರವು ಈ ನಿರ್ಣಯಕ್ಕೆ ಬರುವ ಮೊದಲೇ ಆಸ್ಪತ್ರೆಗಳ ಹಿಂಬಾಗಿಲಿನಲ್ಲಿ ಅದರ ಆಚರಣೆಯು ನಡೆದಿತ್ತು. ಬಾಸ್ಟನ್ನಿನ ವೈದ್ಯ ಫ್ರಿಟ್ಸ್ ಟಾಲ್ಬಟ್ ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಜರ್ಮನಿಯ ಡುಸೆಲ್ಡಾರ್ಫಿನ ಶಿಶುಚಿಕಿತ್ಸಾಲಯವನ್ನು ನೋಡಲು ಹೋಗಿದ್ದಾಗ, ದಪ್ಪ ದೇಹದ ಮುದುಕಿಯೊಬ್ಬಳು ಬಡಕಲು ಮಗುವೊಂದನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದಳಂತೆ. ಆಕೆ ಯಾರೆಂದು ಕೇಳಲಾಗಿ ಅಲ್ಲಿನ ಮುಖ್ಯವೈದ್ಯ ಶ್ಲಾಸ್ಮನ್, ಅವಳು ಮುದಿ ಅನ್ನಾ ಎಂದೂ, ವೈದ್ಯವೆಲ್ಲವೂ ಸೋತ ಮೇಲೆ ಮಗುವನ್ನು ಆಕೆಯ ಕೈಗೆ ಕೊಡುವುದೆಂದೂ, ಆಕೆ ಯಾವಾಗಲೂ ಗೆಲ್ಲುವಳೆಂದೂ ಹೇಳಿದರಂತೆ. ಇದು ಬಾಯಿಂದ ಬಾಯಿಗೆ ಬಂದ ಕಥೆ. ಬರಬರುತ್ತ ಬಣ್ಣ ಸೇರಿರಬಹುದು. ಆದರೆ ಅಮೆರಿಕದ ಅಯೋವ ಪ್ರಾಂತದಲ್ಲಿ ನಡೆದದ್ದಕ್ಕೆ ಲಿಖಿತವಾದ ಆಧಾರವಿದೆ. ಅಲ್ಲಿ ಹೆರಾಲ್ಡ್ ಸ್ಕೀಲ್ಸ್ ಎಂಬವರು ಅನಾಥಾಲಯದಲ್ಲಿ ಬುದ್ಧಿಮಾಂದ್ಯವೆಂದು ತೋರುತ್ತಿದ್ದ, ಮೂರು ವರ್ಷದೊಳಗಿನ ೧೩ ಶಿಶುಗಳನ್ನು ಮಂದಬುದ್ಧಿಯ ಸ್ತ್ರೀಯರಿದ್ದ ಮತ್ತೊಂದು ಆಲಯಕ್ಕೆ ವರ್ಗಾಯಿಸಿದರು. ಒಂದೊಂದು ಮಗುವನ್ನೂ ಅಲ್ಲಿಯ ಒಬ್ಬೊಬ್ಬ ಹೆಂಗಸು ಹಚ್ಚಿಕೊಂಡು ಸಾಕಿದಳು. ೧೯೩೯ರ ವರದಿಯಂತೆ ಈ ಮಕ್ಕಳ ಬುದ್ಧಿಮಾಪನದ ಅಂಕವು ಸರಾಸರಿ ೨೭ಕ್ಕಿಂತ ಹೆಚ್ಚಾಗಿ ಏರಿತ್ತು. ಅನಾಥಾಲಯದಲ್ಲಿಯೇ ಉಳಿದ ೧೨ ಮಕ್ಕಳದು ೨೬ರಷ್ಟು ಇಳಿದಿತ್ತು. ಪಂಡಿತರು ನಕ್ಕರು. ೧೯೬೬ರಲ್ಲಿ ಸ್ಕೀಲ್ಸ್ ಅವರನ್ನು ಮತ್ತೆ ಹುಡುಕಿಸಿದಾಗ ಮೊದಲಿನ ಹದಿಮೂವರೂ ತಮ್ಮ ಜೀವನವನ್ನು ತಾವೇ ನಡೆಸುತ್ತಿದ್ದರು. ಎರಡನೆಯ ಗುಂಪಿನಲ್ಲಿ ನಾಲ್ವರು ಆಗಲೂ ಸಂಸ್ಥೆಗಳಲ್ಲಿದ್ದರು.

ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಮನೋವಿಶ್ಲೇಷಕ ರೆನೆ ಸ್ಪಿಟ್ಸ್ ೧೯೪೫ರಲ್ಲಿ ಪ್ರಕಟಿಸಿದ ಶೋಧನೆಯೇ ಈ ಚರ್ಚೆಯನ್ನು ಲೋಕದ ಮುಂದೆ ತಂದದ್ದು. ಅವರು ಎರಡು ಸ್ಥಳಗಳನ್ನು ಹೋಲಿಸಿದರು. ಒಂದು ಶುಚಿಯಾದ ಅನಾಥಶಿಶುಮಂದಿರ. ಊಟ, ವೈದ್ಯ ಯಾವುದಕ್ಕೂ ಕೊರತೆಯಿಲ್ಲ. ಆದರೆ ಒಬ್ಬ ದಾದಿಗೆ ಎಂಟು ಮಕ್ಕಳು. ತೊಟ್ಟಿಲುಗಳ ಪಕ್ಕಕ್ಕೆ ಬಟ್ಟೆ ಕಟ್ಟಿದ್ದುದರಿಂದ ಶಿಶುಗಳಿಗೆ ಕಾಣುತ್ತಿದ್ದುದು ಚಾವಣಿಯೊಂದೇ. ಇನ್ನೊಂದು ಹೆಂಗಸರ ಸೆರೆಮನೆಯ ಶಿಶುಶಾಲೆ. ಅಲ್ಲಿ ಅಪರಾಧಿಗಳಾದ ತಾಯಿಯರೇ ತಮ್ಮ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಸೆರೆಮನೆಯ ಮಕ್ಕಳು ಬೆಳೆದುವು. ಮಂದಿರದ ೯೧ ಶಿಶುಗಳಲ್ಲಿ ೩೪ ಎರಡು ವರ್ಷಗಳಲ್ಲಿ ಸತ್ತುವು. ಎರಡರಿಂದ ನಾಲ್ಕು ವರ್ಷದೊಳಗೆ ಅಲ್ಲಿಯೇ ಉಳಿದಿದ್ದ ೨೧ ಮಕ್ಕಳಲ್ಲಿ ವಾಕ್ಯವನ್ನು ಜೋಡಿಸಿ ಆಡಬಲ್ಲದ್ದು ಒಂದೇ ಒಂದು. ಆರಕ್ಕೆ ಒಂದು ಮಾತೂ ಬರುತ್ತಿರಲಿಲ್ಲ. ಆಸರೆಯಿಲ್ಲದೆ ನಡೆಯಬಲ್ಲುವು ಐದು. ಈ ಶೋಧನೆಯ ಕ್ರಮದಲ್ಲಿ ದೋಷಗಳಿದ್ದುವು. ಸ್ಥಳಗಳು ಯಾವುವೆಂದು ಸ್ಪಿಟ್ಸ್ ಹೇಳಲಿಲ್ಲ. ಎರಡು ಕಡೆಯ ಮಕ್ಕಳೂ ಒಂದೇ ಕುಲಮೂಲದವರಲ್ಲ. ಲೆಕ್ಕಗಳು ಒಂದು ಲೇಖನದಿಂದ ಇನ್ನೊಂದಕ್ಕೆ ಹೊಂದುವುದಿಲ್ಲವೆಂದು ೧೯೫೫ರಲ್ಲಿ ಪಿನೋ ಎಂಬ ವಿಮರ್ಶಕರು ಕಠಿಣವಾಗಿ ಬರೆದರು. ಆ ವಿಮರ್ಶೆಯು ಬಹುಮಟ್ಟಿಗೆ ಸರಿಯಾದುದೇ. ಸ್ಪಿಟ್ಸರು ತೆಗೆದ ಚಲನಚಿತ್ರದಲ್ಲಿ ಕಾಣುವ ಶಿಶುಗಳ ಮುಖಗಳನ್ನು ಮಾತ್ರ ಯಾವ ವಿಮರ್ಶೆಯೂ ಅಳಿಸಲಾಗಲಿಲ್ಲ.

ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಯುದ್ಧವು ದೊಡ್ಡ ಪ್ರಯೋಗವನ್ನೇ ಒಡ್ಡಿತು. ೧೯೩೯ರ ಸೆಪ್ಟೆಂಬರಿನಲ್ಲಿ ಬಾಂಬುದಾಳಿಯ ಭಯದಿಂದ ಕೆಲವೇ ದಿನಗಳಲ್ಲಿ ಸುಮಾರು ೧೫ ಲಕ್ಷ ಜನರನ್ನು ನಗರಗಳಿಂದ ಹಳ್ಳಿಗಳಿಗೆ ಸಾಗಿಸಿದರು. ಅವರಲ್ಲಿ ತಂದೆತಾಯಿಗಳನ್ನು ಬಿಟ್ಟುಹೋದ ಮಕ್ಕಳೇ ಬಹಳ. ಎರಡರಿಂದ ಐದು ವರ್ಷದ ಮಕ್ಕಳನ್ನು ಹೀಗೆ ಕಳುಹಿಸುವುದು ಅಪಾಯಕರವೆಂದು ಆ ಡಿಸೆಂಬರಿನಲ್ಲಿಯೇ ಜಾನ್ ಬೌಲ್ಬಿ, ಎಮ್ಯಾನುಯಲ್ ಮಿಲ್ಲರ್, ಡೊನಾಲ್ಡ್ ವಿನ್ನಿಕಾಟ್ ಎಂಬ ಮೂವರು ವೈದ್ಯರು ಬ್ರಿಟಿಷ್ ವೈದ್ಯಪತ್ರಿಕೆಗೆ ಪತ್ರ ಬರೆದರು. ಬೌಲ್ಬಿಯವರು ಕಳ್ಳತನಕ್ಕಾಗಿ ಹಿಡಿದು ತಂದ ೪೪ ಮಕ್ಕಳ ಪೂರ್ವವೃತ್ತಾಂತವನ್ನು ೧೯೪೪ರಲ್ಲಿ ಪ್ರಕಟಿಸಿದರು: ಯಾರಲ್ಲಿಯೂ ಮಮತೆಯಿಲ್ಲದಂತೆ ತೋರಿದ ೧೪ ಮಂದಿಯಲ್ಲಿ ೧೨ ಮಂದಿಗೆ ಎಳವೆಯಲ್ಲಿ ದೀರ್ಘವಿಯೋಗವಾಗಿತ್ತು; ಉಳಿದ ೩೦ರಲ್ಲಿ ಐವರಿಗೆ ಮಾತ್ರ. ಲೋಕಾರೋಗ್ಯ ಸಂಸ್ಥೆಯು ಕೇಳಿಕೊಂಡ ಮೇಲೆ ಅವರು ಬರೆದ ವರದಿಯು ೧೯೫೧ರಲ್ಲಿ ಹೊರಬಿದ್ದು ಹಲವು ಭಾಷೆಗಳಿಗೆ ಹೋಯಿತು.

ಆದರೆ ವರದಿಯಿಂದ ಆಸ್ಪತ್ರೆಗಳು ಬದಲಾಗಲಿಲ್ಲ. ೧೯೪೯ರಲ್ಲಿ ನಡೆದ ಒಂದು ಪರಿಶೀಲನೆಯಂತೆ ಇಂಗ್ಲೆಂಡಿನ ೧,೩೦೦ ಆಸ್ಪತ್ರೆಗಳಲ್ಲಿ ದಿನಂಪ್ರತಿ ಮಕ್ಕಳನ್ನು ನೋಡಲು ಬಿಡುತ್ತಿದ್ದುವು ೩೦೦. ೧೫೦ರಲ್ಲಿ ನೋಡುವುದಕ್ಕೇ ಅವಕಾಶವಿರಲಿಲ್ಲ. ಲಂಡನ್ನಿನ ಹೆಸರಾಂತ ಆಸ್ಪತ್ರೆಯೊಂದರಲ್ಲಿ ಮೊದಲ ತಿಂಗಳು ಭೇಟಿಯಿಲ್ಲ. ಸಾಯಂಕಾಲ ೭ರಿಂದ ೮ರವರೆಗೆ ಮಗುವು ಮಲಗಿ ನಿದ್ರಿಸುವಾಗ ತಂದೆತಾಯಿಗಳು ನೋಡಿ ಹೋಗಬಹುದಾಗಿತ್ತು. ತಾಯಿ ಬಂದರೆ ಮಗುವು ಅಳುತ್ತದೆ. ಬಾರದಿದ್ದರೆ ಕೆಲವು ದಿನಗಳಲ್ಲಿ ಸುಮ್ಮನಾಗುತ್ತದೆ. ಆದುದರಿಂದ ತಾಯಿ ಬರುವುದೇ ಮಗುವಿಗೆ ತೊಂದರೆ ಎಂಬುದು ಅವರ ವಾದ. ನ್ಯೂಕ್ಯಾಸಲ್ಲಿನಲ್ಲಿ ಜೇಮ್ಸ್ ಸ್ಪೆನ್ಸ್ ಎಂಬ ವೈದ್ಯರು ೧೯೨೦ರ ದಶಕದಿಂದಲೇ ತಾಯಿಯರನ್ನು ಶಿಶುಗಳೊಡನೆ ಆಸ್ಪತ್ರೆಯಲ್ಲಿರಿಸಿಕೊಂಡಿದ್ದರು; ಯಾರೂ ಅನುಸರಿಸಲಿಲ್ಲ.

ಈ ಕೋಟೆಯನ್ನು ಒಡೆದವರು ವೈದ್ಯರಲ್ಲ. ಜೇಮ್ಸ್ ರಾಬರ್ಟ್‌ಸನ್ ಸ್ಕಾಟ್ಲಂಡಿನ ಕಾರ್ಮಿಕ ಕುಟುಂಬದಲ್ಲಿ ೧೯೧೧ರಲ್ಲಿ ಹುಟ್ಟಿದವರು. ಯುದ್ಧಕಾಲದಲ್ಲಿ ಆನಾ ಫ್ರಾಯ್ಡ್ ಮತ್ತು ಡೊರೊತಿ ಬರ್ಲಿಂಗ್‌ಹ್ಯಾಮ್ ಎಂಬ ಮಹಿಳೆಯರು ಲಂಡನ್ನಿನ ಹ್ಯಾಂಪ್‌ಸ್ಟೆಡ್ಡಿನಲ್ಲಿ ನಡೆಸುತ್ತಿದ್ದ ಶಿಶುಗೃಹಗಳಲ್ಲಿ ಅವರಿಗೆ ಕೆಲಸ ಸಿಕ್ಕಿತು. ಆ ಗೃಹಗಳಲ್ಲಿ ಒಂದು ಒಳ್ಳೆಯ ನಿಯಮವಿತ್ತು: ಯಾವ ಕೆಲಸದವರೇ ಆಗಲಿ, ಮಕ್ಕಳಲ್ಲಿ ತಾವು ಕಂಡದ್ದನ್ನು ಕಾಗದದ ತುಂಡುಗಳ ಮೇಲೆ ಬರೆದುಕೊಡಬೇಕು. ರಾಬರ್ಟ್‌ಸನ್ನರ ವಿದ್ಯಾಭ್ಯಾಸವು ಮುಖ್ಯವಾಗಿ ಅಲ್ಲಿಯೇ ಆಯಿತೆನ್ನಬಹುದು. ೧೯೪೮ರಲ್ಲಿ ಅವರು ಬೌಲ್ಬಿಯವರ ಬಳಿಗೆ ಬಂದು, ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಕುಳಿತು ನೋಡುವ ಕೆಲಸವನ್ನು ವಹಿಸಿಕೊಂಡರು. ವೈದ್ಯರು ಬಂದು ಹೋಗುವ ಹೊತ್ತು ಗಳಿಗೆಗಳು. ದಾದಿಯರಿಗೆ ಕೈತುಂಬ ಕೆಲಸ. ಬರಿದೇ ಕುಳಿತು ನೋಡುವವನು ಅವರೊಬ್ಬರೇ. ಆಗ ಅವರಿಗೆ ಒಂದು ಕ್ರಮ ಗೋಚರವಾಯಿತು. ಮೊದಲು ಮಗುವು ಕೂಗಿ ಕರೆಯುತ್ತದೆ, ಬಾಗಿಲನ್ನು ನೋಡುತ್ತದೆ, ಯಾರನ್ನೂ ಹತ್ತಿರ ಸೇರಿಸುವುದಿಲ್ಲ: ಇದು ಪ್ರತಿಭಟನೆ. ಅನಂತರ ಕೂಗು ಅಡಗಿ ಮಂಕಾಗಿ ಕುಳಿತುಕೊಳ್ಳುತ್ತದೆ: ಇದು ಹತಾಶೆ. ಕೊನೆಗೆ ಕಂಡವರೊಡನೆಲ್ಲ ನಗುತ್ತದೆ, ಆಟಕ್ಕೆ ಕೈಚಾಚುತ್ತದೆ, ತಾಯಿ ಬಂದರೆ ಗುರುತಿಲ್ಲದವಳಂತೆ ನೋಡುತ್ತದೆ: ಇದು ನಂಟಿನ ಕಡಿತ. ಆಸ್ಪತ್ರೆಯವರು ಹೊಂದಿಕೊಂಡಿತೆಂದು ಹೇಳುತ್ತಿದ್ದುದು ಎರಡನೆಯದನ್ನೂ ಮೂರನೆಯದನ್ನೂ.

ಮಾತಿನಿಂದ ಹೇಳಿದರೆ ಯಾರೂ ನಂಬಲಿಲ್ಲ. ರಾಬರ್ಟ್‌ಸನ್ ಒಂದು ಸಣ್ಣ ಚಲನಚಿತ್ರಯಂತ್ರವನ್ನು ಕೊಂಡು, ಆಸ್ಪತ್ರೆಗೆ ಸೇರಲಿದ್ದ ಮಕ್ಕಳ ಪಟ್ಟಿಯಿಂದ ಒಂದು ಮಗುವನ್ನು ಚೀಟಿ ಎತ್ತಿದಂತೆ ಆರಿಸಿದರು. ತಮಗೆ ಅನುಕೂಲವಾದುದನ್ನಷ್ಟೇ ಚಿತ್ರಿಸಿದರೆಂಬ ಅಪವಾದ ಬಾರದಿರಲೆಂದು ಗೊತ್ತಾದ ಹೊತ್ತಿನಲ್ಲಿ, ಗೋಡೆಯ ಗಡಿಯಾರವೂ ಕಾಣುವಂತೆ ಚಿತ್ರ ತೆಗೆದರು. ಹೊಕ್ಕುಳಿನ ಅಂಡವಾಯುವಿನ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಅಲ್ಲಿದ್ದ ಆ ಹುಡುಗಿಗೆ ಚಿತ್ರದಲ್ಲಿ ಲಾರಾ ಎಂದು ಹೆಸರು. ವಯಸ್ಸು ಎರಡು ವರ್ಷ ಐದು ತಿಂಗಳು. ಆರಿಸಿಬಂದ ಮಗುವು ವಯಸ್ಸಿಗೆ ಮೀರಿ ತನ್ನನ್ನು ಬಿಗಿಹಿಡಿದುಕೊಳ್ಳಬಲ್ಲದ್ದಾಗಿತ್ತು. ಗಟ್ಟಿಯಾಗಿ ಅಳುವ ಮಗುವಾಗಿದ್ದರೆ ನೋಡುವವರು ಹಠಮಾರಿಯೆಂದು ತಳ್ಳಿಹಾಕಬಹುದಾಗಿತ್ತು. ಲಾರಾ ಅಳುವನ್ನು ನುಂಗಿಕೊಂಡು, ತಾಯಿ ಬೇಕೆಂದು ಮೆಲ್ಲಗೆ ನಡುನಡುವೆ ಹೇಳುತ್ತಾಳೆ. ದಾದಿಯೊಬ್ಬಳು ಪ್ರೀತಿಯಿಂದ ಆಡಿಸಲು ಬಂದಾಗಲೇ ಅವಳ ಬಿಗಿ ಸಡಿಲಿ ಕಣ್ಣೀರು ಬರುತ್ತದೆ. ತಾಯಿ ನೋಡಲು ಬಂದಾಗ ಮುಖವನ್ನು ಆಚೆಗೆ ತಿರುಗಿಸುತ್ತಾಳೆ. ಕ್ರೌರ್ಯವೆಂಬುದು ಆ ಚಿತ್ರದಲ್ಲಿ ಎಲ್ಲಿಯೂ ಇಲ್ಲ, ಎಲ್ಲರೂ ಒಳ್ಳೆಯವರೇ.

೧೯೫೨ರ ನವೆಂಬರಿನಲ್ಲಿ ಲಂಡನ್ನಿನ ರಾಜವೈದ್ಯಸಂಘದಲ್ಲಿ ಈ ಚಿತ್ರವನ್ನು ತೋರಿಸಿದಾಗ ಸಭೆಯು ಕೆರಳಿತು. ವೃತ್ತಿಗೆ ಅಪಮಾನವಾಯಿತೆಂದರು, ಇದು ಸಾಮಾನ್ಯ ಮಗುವಲ್ಲವೆಂದರು, ತಮ್ಮ ಆಸ್ಪತ್ರೆಗಳಲ್ಲಿ ಮಕ್ಕಳು ಸುಖವಾಗಿರುವರೆಂದರು. ಹಾಗೆ ಸಿಟ್ಟಾದವರಲ್ಲಿ ಡರ್ಮಾಡ್ ಮಕಾರ್ತಿ ಎಂಬ ಮಕ್ಕಳ ವೈದ್ಯರೂ ಒಬ್ಬರು. ಚಿತ್ರವನ್ನು ನೋಡಿಬಂದ ಮೇಲೆ ತಮ್ಮ ವಿಭಾಗದಲ್ಲಿ ಮಕ್ಕಳು ಅಳುವುದು ತಮಗೆ ಮೊದಲ ಬಾರಿಗೆ ನಿಜವಾಗಿ ಕೇಳಿಸಿತೆಂದು ಅವರು ಆಮೇಲೆ ಒಪ್ಪಿಕೊಂಡರು. ಅವರ ಅಮರ್‌ಶಮ್ ಆಸ್ಪತ್ರೆಯಲ್ಲಿ ತಾಯಿಯರಿಗೆ ಮಕ್ಕಳೊಡನೆ ಉಳಿಯಲು ಎಡೆಯಾಯಿತು. ೧೯೫೮ರಲ್ಲಿ ರಾಬರ್ಟ್‌ಸನ್ ಅಲ್ಲಿಯೇ ಎರಡನೆಯ ಚಿತ್ರವನ್ನು
ತೆಗೆದರು. ೧೯೫೯ರಲ್ಲಿ ಸರಕಾರವು ನೇಮಿಸಿದ ಪ್ಲಾಟ್ ಸಮಿತಿಯು ಭೇಟಿಗೆ ನಿರ್ಬಂಧವಿರಕೂಡದೆಂದು ಶಿಫಾರಸು ಮಾಡಿತು. ಆದರೂ ಅದು ಆಚರಣೆಗೆ ಬರಲು ತಾಯಿಯರ ಸಂಘಟನೆಯೊಂದು ಹತ್ತಾರು ವರ್ಷ ಹೋರಾಡಬೇಕಾಯಿತು.

ಹೊಸ ಸಿದ್ಧಾಂತಗಳಿಗೆ ಆಗುವಂತೆ ಇದಕ್ಕೂ ಅತಿವ್ಯಾಪ್ತಿಯ ದೋಷ ತಗಲಿತು. ತಾಯಿಯು ಗಳಿಗೆಯೂ ಮನೆಯನ್ನು ಬಿಡಕೂಡದೆಂದು ಬೌಲ್ಬಿಯವರ ಹೆಸರಿನಲ್ಲಿ ಉಪದೇಶಗಳು ಹೊರಟುವು. ಉದ್ಯೋಗಕ್ಕೆ ಹೋಗುವ ಹೆಂಗಸರನ್ನು ದೂಷಿಸಲು ಅದು ಆಯುಧವಾಯಿತು. ವರದಿಯಲ್ಲಿ ಬೌಲ್ಬಿಯವರು ಹೇಳಿದ್ದು ತಾಯಿ ಅಥವಾ ತಾಯಿಯ ಸ್ಥಾನದಲ್ಲಿ ಸ್ಥಿರವಾಗಿ ನಿಂತವರು ಎಂದು. ಈ ಭೇದವು ನಮ್ಮ ಸಾಹಿತ್ಯವನ್ನು ಓದಿದವರಿಗೆ ಹೊಸದಲ್ಲ. ಹುಟ್ಟಿದೊಡನೆ ಹೊಳೆಯ ಪಾಲಾದ ಕರ್ಣನು ಕುಂತಿಯು ಬಂದು ಕರೆದಾಗ ಸಾಕಿದ ರಾಧೆಯ ಋಣವನ್ನು ನೆನೆಯುತ್ತಾನೆ. ರಾಧೇಯನೆಂಬ ಹೆಸರು ಅವನಿಗೆ ಉಳಿದೇ ಉಳಿಯಿತು. ೧೯೫೬ರಲ್ಲಿ ಬೌಲ್ಬಿಯವರೂ ಸಹೋದ್ಯೋಗಿಗಳೂ ನಾಲ್ಕು ವರ್ಷಕ್ಕೆ ಮುಂಚೆ ಕ್ಷಯಚಿಕಿತ್ಸಾಲಯದಲ್ಲಿದ್ದ ೬೦ ಮಕ್ಕಳನ್ನು ಪರೀಕ್ಷಿಸಿ, ಮೊದಲು ತಾವು ಹೇಳಿದಷ್ಟು ಹಾನಿ ಎಲ್ಲರಲ್ಲಿಯೂ ಕಾಣುವುದಿಲ್ಲವೆಂದು ಪ್ರಾಮಾಣಿಕವಾಗಿ ಬರೆದರು. ೧೯೭೨ರಲ್ಲಿ ಮೈಕೆಲ್ ರಟ್ಟರ್ ಈ ಸಿದ್ಧಾಂತವನ್ನು ಬಿಡಿಸಿ ನೋಡಿ, ಇದ್ದ ನಂಟು ಕಡಿಯುವುದು ಬೇರೆ, ನಂಟೇ ಬೆಳೆಯದಿರುವುದು ಬೇರೆ, ಎರಡನೆಯದೇ ಹೆಚ್ಚು ಘೋರವೆಂದು ವಿವೇಚಿಸಿದರು. ಅಗಲಿಕೆಯ ಕಾಲ, ಮಗುವಿನ ವಯಸ್ಸು, ಆ ಅವಧಿಯಲ್ಲಿ ಹತ್ತಿರವಿದ್ದವರು ಯಾರು ಎಂಬುದರ ಮೇಲೆ ಫಲವು ನಿಲ್ಲುತ್ತದೆಂಬುದು ಈಗ ವಿದ್ವಾಂಸರ ಮತ.

ಮೌನದ ಪ್ರಶ್ನೆಗೆ ಇನ್ನೊಂದು ಕಡೆಯಿಂದ ಬೆಳಕು ಬಿತ್ತು. ಬೌಲ್ಬಿಯವರ ಜೊತೆಯಲ್ಲಿ ಕೆಲಸಮಾಡಿದ್ದ ಮೇರಿ ಐನ್ಸ್‌ವರ್ತ್ ಅವರು ಒಂದು ವರ್ಷದ ಮಕ್ಕಳನ್ನು ಹೊಸ ಕೋಣೆಯೊಂದರಲ್ಲಿ ತಾಯಿಯಿಂದ ಕೆಲವು ನಿಮಿಷ ಅಗಲಿಸಿ ನೋಡುವ ಪರೀಕ್ಷೆಯನ್ನು ರೂಪಿಸಿದರು. ಮನೆಯಲ್ಲಿಯೇ ಬೆಳೆದ ಈ ಮಕ್ಕಳಲ್ಲಿ ಕೆಲವು ತಾಯಿ ಹೋದರೂ ಅಳದೆ, ಬಂದರೂ ತಿರುಗಿ ನೋಡದೆ ಆಟದಲ್ಲಿರುತ್ತಿದ್ದುವು. ೧೯೭೭ರಲ್ಲಿ ಸ್ರೌಫ್ ಮತ್ತು ವಾಟರ್ಸ್ ಎಂಬ ಶೋಧಕರು ಮಕ್ಕಳ ಹೃದಯದ ಬಡಿತವನ್ನು ಯಂತ್ರದಿಂದ ಅಳೆದು ನೋಡಲಾಗಿ, ಅಳದೆ ಆಡುತ್ತಿದ್ದ ಮಗುವಿನ ಎದೆಯೂ ಅಳುವ ಮಗುವಿನ ಎದೆಯಂತೆಯೇ ಬಡಿದುಕೊಳ್ಳುತ್ತಿತ್ತು.

ಈ ವಿಚಾರಕ್ಕೆ ಅತ್ಯಂತ ದೊಡ್ಡ ಸಾಕ್ಷ್ಯವು ದೊರೆತದ್ದು ರುಮೇನಿಯದಲ್ಲಿ. ಜನಸಂಖ್ಯೆಯನ್ನು ಹೆಚ್ಚಿಸಬೇಕೆಂದು ಅಲ್ಲಿಯ ಸರ್ವಾಧಿಕಾರಿ ಚೌಷೆಸ್ಕು ೧೯೬೬ರಲ್ಲಿ ಗರ್ಭಪಾತವನ್ನು ನಿಷೇಧಿಸಿದನು. ಸಾಕಲಾರದ ತಂದೆತಾಯಿಗಳು ಮಕ್ಕಳನ್ನು ಸರಕಾರದ ಮಂದಿರಗಳಿಗೆ ಒಪ್ಪಿಸಿದರು. ೧೯೮೯ರಲ್ಲಿ ಅವನ ಆಳ್ವಿಕೆಯು ಉರುಳಿದಾಗ ಅಂಥ ಮಕ್ಕಳು ಒಂದು ಲಕ್ಷಕ್ಕೂ ಮಿಕ್ಕಿ ಇದ್ದರು. ಒಳಹೊಕ್ಕ ಪರದೇಶಿಯರಿಗೆ ಮೊದಲು ಬೆರಗುಂಟುಮಾಡಿದ್ದು ಸಾಲುಸಾಲು ತೊಟ್ಟಿಲುಗಳಿದ್ದ ಕೋಣೆಗಳ ನಿಶ್ಶಬ್ದ. ಅಳುವಿಗೆ ಉತ್ತರ ಬರುವುದಿಲ್ಲವೆಂಬುದನ್ನು ಆ ಶಿಶುಗಳು ಕಲಿತಿದ್ದುವು. ೨೦೦೦ದ ಸುಮಾರಿಗೆ ನೆಲ್ಸನ್, ಫಾಕ್ಸ್, ಜೀನಾ ಎಂಬ ಮೂವರು ಅಮೆರಿಕನ್ ವಿದ್ವಾಂಸರು ಬುಕಾರೆಸ್ಟಿನಲ್ಲಿ ೧೩೬ ಶಿಶುಗಳನ್ನು ಪರೀಕ್ಷಿಸಿ, ಚೀಟಿಯ ಕ್ರಮದಿಂದ ೬೮ನ್ನು ಸಾಕುಮನೆಗಳಿಗೆ ಕಳುಹಿಸಿದರು. ಉಳಿದ ೬೮ ಮಂದಿರದ ಆರೈಕೆಯಲ್ಲಿಯೇ ಇದ್ದುವು. ಆಗ ಅಲ್ಲಿ ಸಾಕುಮನೆಗಳೇ ವಿರಳವಾಗಿದ್ದುದರಿಂದ ಇದು ಯಾರಿಗೂ ಇದ್ದ ಅನುಕೂಲವನ್ನು ಕಿತ್ತುಕೊಂಡದ್ದಲ್ಲವೆಂದು ಶೋಧಕರ ಸಮಾಧಾನ. ಈ ಸಮಾಧಾನವನ್ನು ಎಲ್ಲರೂ ಒಪ್ಪಿಲ್ಲ. ನನಗೂ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಫಲವು ೨೦೦೭ರಲ್ಲಿ ಪ್ರಕಟವಾಯಿತು. ನಾಲ್ಕೂವರೆ ವರ್ಷದ ವೇಳೆಗೆ ಬುದ್ಧಿಮಾಪನದ ಸರಾಸರಿ ಅಂಕವು ಮಂದಿರದ ಗುಂಪಿನಲ್ಲಿ ೭೩, ಸಾಕುಮನೆಯ ಗುಂಪಿನಲ್ಲಿ ೮೧, ಹೆತ್ತವರ ಮನೆಯಲ್ಲಿಯೇ ಬೆಳೆದವರಲ್ಲಿ ೧೦೯. ಎರಡು ವರ್ಷ ತುಂಬುವುದಕ್ಕೆ ಮೊದಲು ಸಾಕುಮನೆಗೆ ಹೋದ ಮಕ್ಕಳು ಹೆಚ್ಚು ಚೇತರಿಸಿಕೊಂಡಿದ್ದುವು. ಎರಡು ವರ್ಷದೊಳಗಿನ ಶಿಶುಗಳನ್ನು ಮಂದಿರಗಳಲ್ಲಿಡಕೂಡದೆಂದು ರುಮೇನಿಯವು ೨೦೦೪ರಲ್ಲಿ ಶಾಸನ ಮಾಡಿತ್ತು.

ಆಸ್ಪತ್ರೆಗಳ ವಿಷಯದಲ್ಲಿ ಒಂದು ಮಾತು ಉಳಿದಿದೆ. ನಮ್ಮ ಊರುಗಳ ಸರಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ಮಗುವಿನ ಮಂಚದ ಮೇಲೆಯೇ ತಾಯಿಯೋ ಅಜ್ಜಿಯೋ ಕುಳಿತಿರುವುದು ವಾಡಿಕೆ. ದಾದಿಯರ ಕೊರತೆಯಿಂದ ಉಳಿದುಬಂದ ಈ ವಾಡಿಕೆಯು ಇಂಗ್ಲೆಂಡು ಹೋರಾಡಿ ಪಡೆದುದನ್ನು ನಮಗೆ ಹೋರಾಟವಿಲ್ಲದೆ ಉಳಿಸಿಕೊಟ್ಟಿತು. ಆದರೆ ದಿನ ತುಂಬದೆ ಹುಟ್ಟಿದ ಶಿಶುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತಾಯಿಯನ್ನು ಹೊರಗೆ ನಿಲ್ಲಿಸುವ ಪದ್ಧತಿಯು ನಮ್ಮಲ್ಲಿಯೂ ನೆಲೆಯೂರಿತು. ಪೆಟ್ಟಿಗೆಗಳು ಸಾಲದ ಬಡ ಆಸ್ಪತ್ರೆಯಲ್ಲಿ, ಕೊಲಂಬಿಯ ದೇಶದ ಬೊಗೋಟಾ ನಗರದಲ್ಲಿ, ೧೯೭೦ರ ದಶಕದ ಕೊನೆಗೆ ಎಡ್ಗರ್ ರೇ ಎಂಬ ವೈದ್ಯರು ಶಿಶುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ಸೋಕುವಂತೆ ಕಟ್ಟುವ ಕ್ರಮವನ್ನು ಆರಂಭಿಸಿದರು. ಇದಕ್ಕೆ ಕಾಂಗರೂ ಆರೈಕೆಯೆಂದು ಹೆಸರು. ಇದನ್ನು ವ್ಯಾಪಕವಾಗಿ ಜಾರಿಗೆ ತರುವ ಬಗೆಯನ್ನು ಇಥಿಯೋಪಿಯದಲ್ಲಿಯೂ ಭಾರತದಲ್ಲಿಯೂ ಪರೀಕ್ಷಿಸಿದ ಪ್ರದೇಶಗಳಲ್ಲಿ ನಮ್ಮ ಕೊಪ್ಪಳ ಜಿಲ್ಲೆಯೂ ಒಂದು. ಶಿಶುವಿನ ಸ್ಥಿತಿ ಸುಧಾರಿಸುವವರೆಗೆ ಕಾಯದೆ ಹುಟ್ಟಿದೊಡನೆ ತಾಯಿಯ ಎದೆಗೆ ಕೊಟ್ಟರೆ ಏನಾಗುವುದೆಂಬುದನ್ನು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಆಫ್ರಿಕದ ನಾಲ್ಕು ದೇಶಗಳ ಆಸ್ಪತ್ರೆಗಳೂ ಸೇರಿ ೩,೨೧೧ ಕಿರುತೂಕದ ಶಿಶುಗಳಲ್ಲಿ ನೋಡಿದುವು. ೨೦೨೧ರಲ್ಲಿ ಪ್ರಕಟವಾದ ಲೆಕ್ಕದಂತೆ ೨೮ ದಿನಗಳೊಳಗಿನ ಮರಣವು ಹಳೆಯ ಕ್ರಮದಲ್ಲಿ ನೂರಕ್ಕೆ ೧೫.೭, ಹೊಸ ಕ್ರಮದಲ್ಲಿ ೧೨. ಬೆಚ್ಚನೆಯ ಮೈಯೂ ಮೊಲೆಹಾಲೂ ಇದಕ್ಕೆ ಕಾರಣಗಳಾಗಿರಬಹುದು. ಅವುಗಳನ್ನು ಸಾಮೀಪ್ಯದಿಂದ ಬೇರ್ಪಡಿಸಿ ಅಳೆಯುವುದು ಸುಲಭವಲ್ಲ. ಈ ಪ್ರಯೋಗಕ್ಕಾಗಿ ಆ ಆಸ್ಪತ್ರೆಗಳಲ್ಲಿ ಶಿಶುಗಳ ತೀವ್ರನಿಗಾ ಕೋಣೆಯೊಳಕ್ಕೆ ತಾಯಿಯರ ಮಂಚಗಳನ್ನು ತಂದು ಹಾಕಬೇಕಾಯಿತು.